ಉಸ್ಸಪ್ಪಾ ಎಂದರೆ ತಿರುಗಿ ನೋಡುವವರು

ನಮ್ಮ ದೊಡ್ಡಪ್ಪನಿಗೆ ಮನೆಯವರು ಇಟ್ಟ ಹೆಸರು ಬೇರೆ ಇದೆ. ಅದು ಈಗ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಬೀದಿಯಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಅವರು ಉಸ್ಸಪ್ಪ. ಇದರಿಂದ ಸೆಕೆಗಾಲದಲ್ಲಿ ಅವರಿಗೆ ಬಹಳ ತೊಂದರೆ. ಬಿಸಿಲಿನಲ್ಲಿ ನಡೆದು ಬಂದವರು ಯಾರಾದರೂ ನೆರಳಿನಲ್ಲಿ ನಿಂತು ಮುಖ ಒರೆಸಿಕೊಂಡು “ಉಸ್ಸಪ್ಪಾ!” ಅಂದರೆ ಸಾಕು, ದೊಡ್ಡಪ್ಪ ಕೆಲಸ ಬಿಟ್ಟು ತಲೆ ಎತ್ತಿ “ಏನು ಸ್ವಾಮಿ, ಕರೆದ್ರಾ?” ಅನ್ನುತ್ತಾರೆ. ಮೊದಲೆಲ್ಲ ಈ ಕಾಟ ವರ್ಷಕ್ಕೆ ಎರಡು ತಿಂಗಳು ಇರುತ್ತಿತ್ತಂತೆ. ಈಗ ಏಳು ತಿಂಗಳು. ಭೂಮಿ ಬಿಸಿಯಾಗುತ್ತಿದೆ ಎನ್ನುವುದಕ್ಕೆ ನಮ್ಮ ಮನೆಯ ಅಳತೆ ಇಷ್ಟೇ: ದೊಡ್ಡಪ್ಪ ವರ್ಷಕ್ಕೆ ಎಷ್ಟು ಸಲ ಸುಮ್ಮಸುಮ್ಮನೆ ತಿರುಗಿ ನೋಡಿದರು ಅನ್ನುವುದು.

ಆ ಹೆಸರು ಬಂದದ್ದು ಕೆಲಸದಿಂದ. ಅವರು ಏಸಿ ರಿಪೇರಿ ಮಾಡುತ್ತಾರೆ. ಅಂಗಡಿ ಎಂದರೆ ಒಂದು ಷಟರ್, ಒಂದು ಮೇಜು, ಹೊಟ್ಟೆ ಬಿಚ್ಚಿಕೊಂಡು ಕೂತ ನಾಲ್ಕು ಹಳೆಯ ಏಸಿ. ಗೋಡೆಯ ಹೊರಗಡೆ ಕೂರಿಸುವ ಏಸಿಯ ದೊಡ್ಡ ಪೆಟ್ಟಿಗೆಯಲ್ಲಿ ಗ್ಯಾಸ್ ತುಂಬಲು ಒಂದು ಬಾಯಿ ಇರುತ್ತದೆ. ಅದರ ಮುಚ್ಚಳ ತಿರುಗಿಸಿದರೆ ಒಳಗೆ, ಸೈಕಲ್ ಟ್ಯೂಬಿನ ವಾಲ್ವಿನಲ್ಲಿ ಇರುವಂಥದೇ ಒಂದು ಪುಟ್ಟ ಪಿನ್ನು. ಬೇರೆಯವರು ಮೀಟರ್ ಹಾಕಿ ನೋಡುವುದನ್ನು ದೊಡ್ಡಪ್ಪ ಕಿವಿಯಿಂದ ನೋಡುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರಿನಿಂದ ಪಿನ್ನು ಒತ್ತುವುದು, ಉಸ್ ಅನ್ನುವ ಸದ್ದು ಕೇಳುವುದು, “ಮುಕ್ಕಾಲು ಪಾಲು ಇದೆ” ಅನ್ನುವುದು. ಆಮೇಲೆ ಮೀಟರ್ ಹಾಕಿದರೆ ಮುಕ್ಕಾಲೇ ಇರುತ್ತಿತ್ತು. ಹಳೆಯ ಗ್ಯಾಸನ್ನು ಪೂರ್ತಿ ತೆಗೆಯಬೇಕಾದರೆ ವಾಲ್ವು ಬಿಚ್ಚಿಟ್ಟು ಟೀ ಕುಡಿಯಲು ಹೋಗುತ್ತಿದ್ದರು. ಅವರು ವಾಪಸು ಬರುವಷ್ಟರಲ್ಲಿ ಅದು ಆಕಾಶ ಸೇರಿರುತ್ತಿತ್ತು.

ಮೂವತ್ತು ವರ್ಷ ಹೀಗೆ ನಡೆಯಿತು. ಈ ವರ್ಷ ಹೊಸ ನಿಯಮ ಬಂತು. ಇನ್ನು ಮುಂದೆ ಗ್ಯಾಸನ್ನು ಗಾಳಿಗೆ ಬಿಡುವಂತಿಲ್ಲ. ಯಂತ್ರದಿಂದ ಎಳೆದು ಸಿಲಿಂಡರಿನಲ್ಲಿ ಹಿಡಿಯಬೇಕು. ಹಾಗೆ ಹಿಡಿಯಲು ಬರುತ್ತದೆಂದು ಪರೀಕ್ಷೆಯಲ್ಲಿ ತೋರಿಸಿ ಕಾರ್ಡ್ ಪಡೆಯಬೇಕು. ಕಾರ್ಡ್ ಇಲ್ಲದವರಿಗೆ ಮುಂದಿನ ತಿಂಗಳಿನಿಂದ ಹೊಸ ಗ್ಯಾಸ್ ಮಾರುವುದಿಲ್ಲ. ಗ್ಯಾಸ್ ಸಿಗದ ಏಸಿ ಮೆಕ್ಯಾನಿಕ್ ಷಟರ್ ಎಳೆದು ಮನೆಗೆ ಹೋಗಬೇಕು, ಅಷ್ಟೇ.

“ಕಾರ್ಡ್ ತರದೆ ಬರಬೇಡಿ,” ಅಂದರು ದೊಡ್ಡಮ್ಮ. “ದಿನವಿಡೀ ಮನೇಲಿ ಕೂತು ನೀವು ನನ್ನ ತಲೆ ತಿಂದ್ರೆ ನಾನು ಯಾರ ಹತ್ರ ರಿಪೇರಿ ಮಾಡಿಸ್ಲಿ?”

ಪರೀಕ್ಷೆಗೆ ಮೊದಲು ಒಂದು ದಿನದ ಪಾಠ ಇತ್ತು. ಪಾಠ ಹೇಳಿದ ಮೇಡಂಗೆ ದೊಡ್ಡಪ್ಪನ ಸ್ಕ್ರೂಡ್ರೈವರಿಗಿಂತ ಕಡಿಮೆ ವಯಸ್ಸು. ಆದರೂ ಪಾಠ ಕೇಳಿ ಬಂದ ದೊಡ್ಡಪ್ಪ ಚಪ್ಪಲಿ ಬಿಚ್ಚುವುದನ್ನೂ ಮರೆತು ಕುರ್ಚಿಯಲ್ಲಿ ಕೂತರು.

“ಏನಾಯ್ತು? ಬೈದ್ರಾ?” ಅಂದರು ದೊಡ್ಡಮ್ಮ.

“ಬೈದಿದ್ರೆ ಚೆನ್ನಾಗಿತ್ತು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡೋದ್ರಿಂದ್ಲೇ ಭೂಮಿ ಹೆಚ್ಚು ಬಿಸಿಯಾಗೋದು ಅಂದ್ರು. ಕಾಡು ಕಡಿಯೋದೂ ಸೇರುತ್ತಂತೆ. ಅಲ್ಲಿವರೆಗೆ ನಾನು ಆರಾಮಾಗಿ ಕೂತಿದ್ದೆ. ನಂದು ಒಂದು ಹಳೇ ಸ್ಕೂಟರು, ಅದೂ ಅರ್ಧ ದಾರಿ ತಳ್ಕೊಂಡೇ ಹೋಗೋದು.”

“ಆಮೇಲೆ?”

“ಆಮೇಲೆ ನಮ್ಮ ಗ್ಯಾಸಿಗೆ ಬಂದ್ರು. ಒಂದು ಕೆಜಿ ಗಾಳಿಗೆ ಬಿಟ್ರೆ ಹೆಚ್ಚುಕಡಿಮೆ ಎರಡು ಸಾವಿರ ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟಂತೆ ಕಣೇ.”

ದೊಡ್ಡಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಇಷ್ಟು ವರ್ಷದಲ್ಲಿ ನೀವು ಎಷ್ಟು ಬಿಟ್ಟಿರಬಹುದು?”

“ಎಷ್ಟು ಟೀ ಕುಡಿದಿದ್ದೀನಿ ಅಂತ ಎಣಿಸಿದ್ರೆ ಗೊತ್ತಾಗುತ್ತೆ.”

ದೊಡ್ಡಪ್ಪ ಈಗ ನೆನಪಾಗಿ ಬಗ್ಗಿ ಚಪ್ಪಲಿ ಬಿಚ್ಚಿದರು. ಆಮೇಲೆ ದೊಡ್ಡಪ್ಪ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. “ಬಿಸಿಲು ಹೆಚ್ಚಾಯ್ತು ಅಂತ ಜನ ಏಸಿ ಹಾಕಿಸ್ತಾರೆ. ಏಸಿಗೆ ಕರೆಂಟು, ಕರೆಂಟಿಗೆ ಕಲ್ಲಿದ್ದಲು. ಏಸಿ ಕೆಟ್ರೆ ನಾನು ಹೋಗಿ ಉಸ್ ಅನ್ನಿಸ್ತೀನಿ. ಬಿಸಿಲು ಇನ್ನೂ ಹೆಚ್ಚುತ್ತೆ. ಪಕ್ಕದ ಮನೆಯವನೂ ಏಸಿ ಹಾಕಿಸ್ತಾನೆ.”

“ಅಂದ್ರೆ ನಿಮ್ಮ ಗಿರಾಕೀನ ನೀವೇ ತಯಾರು ಮಾಡ್ಕೋತಿದ್ರಿ ಅನ್ನಿ.”

ದೊಡ್ಡಮ್ಮನಿಗೆ ದೊಡ್ಡಪ್ಪನ ತಲೆಯ ಬಗ್ಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಹೆಬ್ಬೆರಳಿನ ಬಗ್ಗೆ. ಆ ಬೆರಳು ಅಡುಗೆಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಕುಕ್ಕರ್ ಕೆಳಗಿಳಿಸಿದ ಕೂಡಲೇ, ಆವಿ ತಾನಾಗಿ ಹೋಗಲು ಬಿಡದೆ, ವೆಯ್ಟನ್ನು ಎತ್ತಿ ಉಸ್ ಅನ್ನಿಸುತ್ತಿತ್ತು. ಪರೀಕ್ಷೆಗೆ ಇನ್ನೂ ಮೂರು ವಾರ ಇತ್ತು. ದೊಡ್ಡಮ್ಮ ಪ್ರತಿದಿನ ಬಿಸಿ ಕುಕ್ಕರನ್ನು ತಂದು ದೊಡ್ಡಪ್ಪನ ಮುಂದೆ ಮೇಜಿನ ಮೇಲೆ ಇಟ್ಟು, “ತಣ್ಣಗಾಗೋವರೆಗೆ ಮುಟ್ಟಬಾರ್ದು. ಇದೇ ನಿಮ್ಮ ಓದು,” ಅನ್ನತೊಡಗಿದರು.

ಮೊದಲ ದಿನ ಕೈ ನಾಲ್ಕು ಸಲ ಹೋಯಿತು. ಐದನೇ ಸಲ ಉಸ್ ಅಂದೇಬಿಟ್ಟಿತು.

“ನಾನಲ್ಲ ಕಣೇ, ಬೆರಳು.”

“ಹಾಗಾದ್ರೆ ಊಟ ನಿಮಗೆ, ಬೆರಳಿಗಿಲ್ಲ,” ಅಂದ ದೊಡ್ಡಮ್ಮ ಒಂದು ಚಮಚ ತಂದು ಅವರ ಎಡಗೈಗೆ ಕೊಟ್ಟರು. ಆ ಹೊತ್ತಿನ ಊಟ ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಹೀಗೆ ಬಹಳ ಅಂಗಿಗಳು ಹಾಳಾದವು. ಆದರೆ ಮೂರನೇ ವಾರ ದೊಡ್ಡಪ್ಪ ಕುಕ್ಕರಿನ ಮುಂದೆ ಕೈಕಟ್ಟಿ, ಅದು ತಣ್ಣಗಾಗುವವರೆಗೂ ಸದ್ದಿಲ್ಲದೆ ಕೂತಿದ್ದರು. ಕಣ್ಣು ಮಾತ್ರ ವೆಯ್ಟಿನ ಮೇಲಿಂದ ಕದಲಲಿಲ್ಲ.

ಪರೀಕ್ಷೆ ನಡೆದದ್ದು ತಗಡಿನ ಛಾವಣಿಯ ಒಂದು ಉದ್ದ ಕೊಠಡಿಯಲ್ಲಿ. ದೊಡ್ಡಮ್ಮನೂ ನಾನೂ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಲೂ ಇತ್ತು. ಮೇಡಂ ಮೊದಲು ಬಾಯಿಪ್ರಶ್ನೆ ಕೇಳಿದರು. “ಭೂಮಿ ಯಾಕೆ ಬಿಸಿಯಾಗ್ತಿದೆ? ನಿಮ್ಮ ಮಾತಲ್ಲೇ ಹೇಳಿ.”

“ಒಬ್ರು ಧೂಳು ಕೂರುತ್ತೆ ಅಂತ ಏಸಿಯ ಹೊರಗಿನ ಪೆಟ್ಟಿಗೆಗೆ ಟಾರ್ಪಾಲಿನ್ ಸುತ್ತಿಟ್ಟಿದ್ರು ಮೇಡಂ. ಒಳಗೆ ರೂಮು ತಣ್ಣಗೇ ಆಗ್ತಿಲ್ಲ ಅಂತ ನನ್ನನ್ನ ಕರೆಸಿದ್ರು. ಶಾಖ ಹೊರಗೆ ಹೋಗೋಕೆ ದಾರಿ ಇದ್ರೆ ತಾನೇ? ಭೂಮಿಗೂ ನಾವು ಹಾಗೇ ಸುತ್ತಿದ್ದೀವಿ. ಹೊಗೆ ಒಂದು ಪದರ, ಅದರ ಮೇಲೆ ಇನ್ನೊಂದು. ತುದಿ ಗಂಟು ಹಾಕಿದವರಲ್ಲಿ ನಾನೂ ಒಬ್ಬ.”

ಮೇಡಂ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. “ಪರಿಣಾಮ?”

“ನನ್ನನ್ನ ವರ್ಷಕ್ಕೆ ಏಳು ತಿಂಗಳು ಕರೀತಾರೆ.” ಮೇಡಂ ಮುಖ ನೋಡಿ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. “ಹಿಮ ಕರಗುತ್ತೆ, ಸಮುದ್ರ ಏರುತ್ತೆ, ಮಳೆ ಬಂದ್ರೆ ಒಂದೇ ಸಲ ಸುರಿಯುತ್ತೆ, ಇಲ್ಲಾಂದ್ರೆ ಬರೋದೇ ಇಲ್ಲ. ಇದು ನೀವು ಹೇಳಿಕೊಟ್ಟದ್ದು. ನಾನು ನೋಡಿದ್ದು ಮೇಲಿನ ಮಹಡಿಗಳಲ್ಲಿ. ರಿಪೇರಿಗೆ ಹೋದ್ರೆ ವಯಸ್ಸಾದವರು ಬಕೆಟ್ ನೀರಲ್ಲಿ ಕಾಲಿಟ್ಕೊಂಡು ಕೂತಿರ್ತಾರೆ. ಮಾತಾಡೋಕೂ ಆಗಲ್ಲ ಅವರಿಗೆ.”

ಬಾಯಿಪ್ರಶ್ನೆಯಲ್ಲಿ ಪಾಸು. ಇನ್ನು ಕೈಕೆಲಸ. ಎಂಟುನೂರು ಗ್ರಾಂ ಗ್ಯಾಸ್ ಇರುವ ಒಂದು ಹಳೆಯ ಏಸಿ ಪೆಟ್ಟಿಗೆ. ಅದನ್ನು ಖಾಲಿ ಮಾಡಿ ಸಿಲಿಂಡರಿಗೆ ತುಂಬಿ ತೂಗಬೇಕು. ಐವತ್ತು ಗ್ರಾಂಗಿಂತ ಹೆಚ್ಚು ಕಳೆದರೆ ನಪಾಸು. ದೊಡ್ಡಪ್ಪ ಯಂತ್ರ ಜೋಡಿಸಿದರು, ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದರು, ಎಡಗೈಗೆ ಪೈಪು ತೆಗೆದುಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತಿತು. ತಗಡಿನ ಕೆಳಗೆ ಎರಡೇ ನಿಮಿಷದಲ್ಲಿ ಒಲೆಯ ಮೇಲೆ ಕೂತ ಹಾಗಾಯಿತು. ಮೇಡಂ ಕಾಗದದಿಂದ ಗಾಳಿ ಬೀಸಿಕೊಂಡು ಜೋರಾಗಿ ಅಂದರು:

“ಉಸ್ಸಪ್ಪಾ!”

“ಏನು ಮೇಡಂ?” ಅಂದ ದೊಡ್ಡಪ್ಪ ಅವರತ್ತ ತಿರುಗಿದರು. ಅವರು ತಿರುಗಿದ್ದೇ ತಡ, ಹೇಳುವವರು ಕೇಳುವವರು ಇಲ್ಲದ ಬಲಗೈ ಹೆಬ್ಬೆರಳು ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿತು.

ಉಸ್.

ಬೆರಳು ತೆಗೆದರೆ ಪಿನ್ನು ಮೇಲೆ ಬರಬೇಕು. ಅದು ಹಳೆಯ ವಾಲ್ವು, ಪಿನ್ನು ಒಳಗೇ ಸಿಕ್ಕಿಕೊಂಡಿತು. ಉಸ್ ನಿಲ್ಲಲಿಲ್ಲ. ದೊಡ್ಡಪ್ಪ ಅದೇ ಹೆಬ್ಬೆರಳನ್ನು ವಾಲ್ವಿನ ಬಾಯಿಗೆ ಒತ್ತಿ ಹಿಡಿದರು. ಒಳಗಿಂದ ಹೊರಬರುವ ಗ್ಯಾಸ್ ಮಂಜುಗಡ್ಡೆಗಿಂತ ತಣ್ಣಗಿರುತ್ತದೆ. ಚರ್ಮ ಸುಟ್ಟ ಹಾಗೆಯೇ ಆಗುತ್ತದೆ.

“ಬಿಡಿ ಅಂಕಲ್, ಕೈ ಹೋಗುತ್ತೆ!” ಅಂದರು ಮೇಡಂ.

“ಬಿಟ್ಟು ಬಿಟ್ಟೇ ಹೀಗಾಗಿದ್ದು ಮೇಡಂ! ಮುಚ್ಚಳ ಕೊಡಿ!”

ಮೇಡಂ ಮೇಜಿನ ಕೆಳಗೆ ಉರುಳಿದ್ದ ಮುಚ್ಚಳ ಹುಡುಕಿ ತಂದು ತಿರುಗಿಸಿದರು. ಸದ್ದು ನಿಂತಿತು. ಹೆಬ್ಬೆರಳಿನ ತುದಿ ಸೀಮೆಸುಣ್ಣದಷ್ಟು ಬಿಳಿಯಾಗಿತ್ತು. ದೊಡ್ಡಮ್ಮ ಒಳಗೆ ಓಡಿ ಹೋಗಿ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಸಿದರು.

“ಅರವತ್ತೈದು ಗ್ರಾಂ ಹೋಯ್ತು,” ಅಂದರು ದೊಡ್ಡಪ್ಪ, ನೀರನ್ನೇ ನೋಡುತ್ತ. “ನಪಾಸು ಬರೀರಿ ಮೇಡಂ.”

“ತೂಕ ಹಾಕದೆ ಹೇಗೆ ಹೇಳ್ತೀರಿ?”

“ಕೇಳಿಸ್ತಲ್ಲ.”

ಕರೆಂಟು ಬಂದ ಮೇಲೆ ಮೇಡಂ ತಾವೇ ಉಳಿದ ಗ್ಯಾಸನ್ನು ಎಳೆದು ತೂಗಿದರು. ಕಳೆದದ್ದು ಅರವತ್ತೇಳು. “ಎರಡು ಗ್ರಾಂ ತಪ್ಪಿದೆ, ವಯಸ್ಸಾಯ್ತು,” ಅಂದರು ದೊಡ್ಡಪ್ಪ. ಮೇಡಂ ನಪಾಸು ಅಂತಲೇ ಬರೆದರು. ಆದರೆ ಕಾಗದ ತಿರುಗಿಸಿ, “ನಿಯಮದಲ್ಲಿ ಅದೇ ದಿನ ಇನ್ನೊಂದು ಅವಕಾಶ ಇದೆ. ಆದ್ರೆ ಈ ಕೈಯಲ್ಲಿ ನೀವು ಹೇಗೆ ಮಾಡ್ತೀರಿ?” ಅಂದರು.

ದೊಡ್ಡಪ್ಪ ಉತ್ತರಕ್ಕಾಗಿ ದೊಡ್ಡಮ್ಮನ ಕಡೆ ನೋಡಿದರು.

“ಇನ್ನೊಂದು ಕೈ ಇದೆಯಲ್ಲ,” ಅಂದರು ದೊಡ್ಡಮ್ಮ. “ಅದಕ್ಕೆ ಚಮಚ ಹಿಡಿಯೋದು ಬಿಟ್ರೆ ಯಾವ ಕೆಟ್ಟ ಚಟವೂ ಇಲ್ಲ.”

ಬಲಗೈಗೆ ಬಟ್ಟೆ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು ದೊಡ್ಡಪ್ಪ ಎರಡನೇ ಪೆಟ್ಟಿಗೆಯ ಮುಂದೆ ಕೂತರು. ಎಡಗೈಗೆ ಪಿನ್ನು ಒತ್ತಿ ಗೊತ್ತಿರಲಿಲ್ಲ. ಅದಕ್ಕೆ ಏನೂ ಗೊತ್ತಿರಲಿಲ್ಲ. ಪೈಪಿನ ನಟ್ಟನ್ನು ಒಂದೊಂದೇ ಸುತ್ತು ಹಾಕಿತು, ತಪ್ಪಿತು, ಬಿಚ್ಚಿ ಮತ್ತೆ ಹಾಕಿತು, ಬಿಗಿಯಾಯಿತೇ ಎಂದು ಮೂರು ಸಲ ನೋಡಿತು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ. ನಡುವೆ ಹೊರಗಿನಿಂದ ಯಾರೋ “ಉಸ್ಸಪ್ಪಾ, ಏನು ಬಿಸಿಲು!” ಅಂದರು. ದೊಡ್ಡಪ್ಪನ ಕತ್ತು ತಿರುಗಿತು. ಎಡಗೈ ಇದ್ದಲ್ಲೇ ಇತ್ತು.

ಕಳೆದದ್ದು ಒಂಬತ್ತು ಗ್ರಾಂ. ಮೇಡಂ ಪಾಸು ಅಂತ ಬರೆದು ಕಾರ್ಡ್ ಕೊಟ್ಟರು.

ಆ ಹೆಬ್ಬೆರಳು ಗುಣವಾಗಲು ತಿಂಗಳಾಯಿತು. ಸಿಪ್ಪೆ ಸುಲಿದು ಹೊಸ ಚರ್ಮ ಬಂದಿದೆ. ಆದರೂ ದೊಡ್ಡಪ್ಪ ವಾಲ್ವು ಮುಟ್ಟುವುದು ಎಡಗೈಯಲ್ಲೇ. ಗಿರಾಕಿಗಳು ನಿಧಾನವಾಯಿತು ಅಂತ ಗೊಣಗುತ್ತಾರೆ. ಟೀ ಕುಡಿದು ಬನ್ನಿ ಅಂತ ದೊಡ್ಡಪ್ಪ ಅವರನ್ನೇ ಕಳಿಸುತ್ತಾರೆ.

ಪರೀಕ್ಷೆಯ ದಿನ ಮನೆಗೆ ಬರುವಾಗ, ಓಡಿಸುತ್ತಿದ್ದದ್ದು ನಾನಾದರೂ, ಸ್ಕೂಟರ್ ಎಂದಿನಂತೆ ಅರ್ಧ ದಾರಿಯಲ್ಲಿ ನಿಂತಿತು. ದೊಡ್ಡಪ್ಪ ಒಂದೇ ಕೈಯಲ್ಲಿ, ನಾನು ಹಿಂದಿನಿಂದ, ತಳ್ಳಿಕೊಂಡು ಹೊರಟೆವು. ದೊಡ್ಡಮ್ಮ ಒಂದು ಮರದ ನೆರಳಿನಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡು, “ಉಸ್ಸಪ್ಪಾ!” ಅಂದರು.

ದೊಡ್ಡಪ್ಪ ತಿರುಗಿ ನೋಡಿ, ತಪ್ಪು ಗೊತ್ತಾಗಿ ಮತ್ತೆ ಮುಂದಕ್ಕೆ ತಿರುಗಿದರು. ಮದುವೆಯಾದಂದಿನಿಂದ ದೊಡ್ಡಮ್ಮ ಅವರನ್ನು “ರೀ” ಅಂದದ್ದು ಬಿಟ್ಟರೆ ಬೇರೆ ಹೆಸರಿನಿಂದ ಕರೆದದ್ದಿಲ್ಲ.

“ಈ ಸಲ ನಿಮ್ಮನ್ನೇ ಕರೆದದ್ದು,” ಅಂದರು ದೊಡ್ಡಮ್ಮ. “ಆ ಕಾರ್ಡ್ ಇನ್ನೊಂದು ಸಲ ತೋರ್ಸಿ ನೋಡೋಣ.”