ಮೊಣಕೈ ಮಡಚಬಹುದಾದ ಆಟ

ನನ್ನ ಗಂಡನಿಗೆ ಬೇಸ್‌ಬಾಲ್ ಹುಚ್ಚು ಹಿಡಿದದ್ದು ಮೌಂಟನ್ ವ್ಯೂನಲ್ಲಿ, ಅವರ ಕಂಪನಿಯ ಪಿಕ್ನಿಕ್ಕಿನಲ್ಲಿ. ಅದಕ್ಕೆ ಮುಂಚೆ ಇವರು ಯಾವ ಆಟದ ಹೆಸರನ್ನೂ ಎತ್ತಿದವರಲ್ಲ. ಗೆಳೆಯರ ಮನೆಯಲ್ಲಿ ಗಂಡಸರು ಕ್ರಿಕೆಟ್ ಮಾತು ತೆಗೆದರೆ ಸಾಕು, ಎದ್ದು ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚಲು ನಿಲ್ಲುತ್ತಿದ್ದರು. ಎಂಥಾ ಗಂಡ ಸಿಕ್ಕಿದ್ದಾನೆ ನಿನಗೆ ಅಂತ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಕಾಲೇಜಿನ ದಿನಗಳಲ್ಲಿ ಇವರು ಬೆಂಗಳೂರಿನ ಒಂದು ಕ್ಲಬ್ಬಿಗೆ ಫಾಸ್ಟ್ ಬೌಲರ್ ಆಗಿದ್ದರಂತೆ. ಒಂದು ಮ್ಯಾಚಿನಲ್ಲಿ ಅಂಪೈರು, ನೀನು ಬೌಲಿಂಗ್ ಮಾಡುತ್ತಿಲ್ಲ, ಮೊಣಕೈ ಮಡಚಿ ಕಲ್ಲು ಹೊಡೆದ ಹಾಗೆ ಹೊಡೆಯುತ್ತಿದ್ದೀಯ ಅಂತ ಮೇಲಿಂದ ಮೇಲೆ ನೋಬಾಲ್ ಕೊಟ್ಟರಂತೆ. ಓವರು ಮುಗಿಯುವಷ್ಟರಲ್ಲಿ ಸುತ್ತ ನಿಂತವರೆಲ್ಲ ನಗುತ್ತಿದ್ದರು. ಆಮೇಲೆ ಯಾರೂ ಇವರ ಕೈಗೆ ಚೆಂಡು ಕೊಡಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಲ ಹೇಳಿದ್ದರು, ಅಷ್ಟೇ.

ಪಿಕ್ನಿಕ್ಕಿನ ದಿನ ಆಫೀಸಿನ ಯಾರೋ ಒಬ್ಬರು ಚೆಂಡು ಕೊಟ್ಟು ಎಸೆ ಅಂದರಂತೆ. ಎಸೆದದ್ದನ್ನು ನೋಡಿ, ಇನ್ನೊಮ್ಮೆ ಎಸೆ ಅಂದರಂತೆ. ಸಂಜೆ ಮನೆಗೆ ಬಂದವರು ಶೂ ಬಿಚ್ಚುವ ಮೊದಲೇ ಹೇಳಿದ್ದು ಇದು: "ಇಲ್ಲಿ ಮೊಣಕೈ ಮಡಚ್ಬೋದಂತೆ ಕಣೆ. ಯಾರೂ ಏನೂ ಕೇಳಲ್ವಂತೆ."

ಅಲ್ಲಿಗೆ ನನ್ನ ಶನಿವಾರಗಳು ಮುಗಿದವು. ಕಂಪನಿಯ ತಂಡಕ್ಕೆ ಇವರೇ ಪಿಚರ್, ಅಂದರೆ ಚೆಂಡೆಸೆಯುವವರು. ನಾನು ಮೈದಾನದ ಬದಿಯ ಬೆಂಚಿನಲ್ಲಿ ಕೂತು ತೂಕಡಿಸುವವಳು.

ತೂಕಡಿಸದೆ ಇನ್ನೇನು ಮಾಡಲಿ? ಡಾಟ್ ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಸ್ಯಾನ್ ಹೊಸೆಯ ನನ್ನ ಆಫೀಸಿನಲ್ಲಿ ಜನ ಪೆಟ್ಟಿಗೆ ಹೊತ್ತುಕೊಂಡು ಹೊರಗೆ ಹೋಗುತ್ತಿದ್ದರು, ಅವರ ಕೆಲಸವೆಲ್ಲ ಉಳಿದವರ ತಲೆಗೆ ಬರುತ್ತಿತ್ತು. ಉಳಿದದ್ದಕ್ಕೆ ಸಂತೋಷ ಪಡುವಷ್ಟೂ ತ್ರಾಣ ಇರಲಿಲ್ಲ. ನನ್ನ ತಮ್ಮನ ಕೆಲಸ ಆಗಲೇ ಹೋಗಿ, ಅವನು ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಹಾಸಿಗೆ ಬಿಡಿಸಿದ್ದ. ಬೇಗ ಇನ್ನೊಂದು ಕೆಲಸ ಸಿಗದಿದ್ದರೆ ವೀಸಾ ಕೈಬಿಟ್ಟು ಹಾಸನಕ್ಕೆ ಹೊರಡಬೇಕಿತ್ತು. ಅದೇ ಹೊತ್ತಿಗೆ ಇವರ ಕಂಪನಿಯೂ ಮುಚ್ಚಿತು.

ಕಂಪನಿ ಇಲ್ಲವೆಂದ ಮೇಲೆ ತಂಡವೂ ಇಲ್ಲ. ಮೊದಲೇ ಗೊತ್ತಾಗಿದ್ದ ಒಂದು ಮ್ಯಾಚು ಮಾತ್ರ ಬಾಕಿ ಇತ್ತು. ಇನ್ನೊಂದು ತಂಡ ಇವರನ್ನು ಕರೆಯುವ ಸಂಭವವೂ ಇರಲಿಲ್ಲ, ವಯಸ್ಸು ನಲವತ್ತರ ಹತ್ತಿರ ಬಂದಿತ್ತು. "ಒಂದೇ ಒಂದು ಮ್ಯಾಚು, ಯಾರೂ ಬೆರಳು ತೋರಿಸ್ದೇ ಇರೋ ಹಾಗೆ ಎಸೆದು ಮುಗಿಸ್ಬೇಕು," ಅಂದರು ಕಾರಿನಲ್ಲಿ. ನನಗೆ ಸಿಟ್ಟು ಬಂತು. ಮನೆಯಲ್ಲಿ ಇಬ್ಬರು ಗಂಡಸರಿಗೆ ಕೆಲಸವಿಲ್ಲ, ಇವರಿಗೆ ಚೆಂಡಿನ ಚಿಂತೆ. ಜಗಳ ಆಡಲು ಶಕ್ತಿ ಇರಲಿಲ್ಲ.

ತಂಡದಲ್ಲಿ ಒಬ್ಬ ಊರು ಬಿಟ್ಟಾಗಿತ್ತು. ಅವನ ಜಾಗಕ್ಕೆ ನನ್ನ ತಮ್ಮನನ್ನು ಎಳೆದುಕೊಂಡು ಬಂದಿದ್ದರು. ಅವನು ಆಡಿದ್ದೆಲ್ಲ ಕ್ರಿಕೆಟ್ಟೇ. ಚೆಂಡು ಬಂದರೆ ಹಿಡಿ ಅನ್ನುವುದಷ್ಟೇ ಅವನಿಗೆ ಸಿಕ್ಕ ಪಾಠ. ನಾನು ಕೂತಿದ್ದ ಕಡೆಗೇ, ದೂರದಲ್ಲಿ ನಿಲ್ಲಿಸಿದರು.

ಆ ಆಟದಲ್ಲಿ ಚೆಂಡು ಹೊಡೆದವನು ಮೂರು ಬೇಸುಗಳನ್ನು ಮುಟ್ಟಿ, ಹೊರಟಲ್ಲಿಗೇ ಓಡಿಬಂದರೆ ಒಂದು ರನ್ನು. ಅಂದು ಕೊನೆಯ ಸುತ್ತಿನವರೆಗೂ ಎದುರು ತಂಡದ ಒಬ್ಬನೂ ಮೊದಲನೇ ಬೇಸನ್ನೂ ಮುಟ್ಟಲಿಲ್ಲ. ಬಂದವರೆಲ್ಲ ಗಾಳಿಗೆ ಬ್ಯಾಟು ಬೀಸಿ ವಾಪಸು ಹೋಗುತ್ತಿದ್ದರು. ಆಟ ಅರ್ಧ ದಾಟಿದ ಮೇಲೆ ನಮ್ಮ ತಂಡದವರು ಇವರ ಜೊತೆ ಮಾತಾಡುವುದನ್ನೇ ಬಿಟ್ಟರು. ಏನು ಜಗಳವೋ ಅಂತ ಗಾಬರಿಯಾಯಿತು. ಪಕ್ಕದಲ್ಲಿದ್ದ ಅಮೆರಿಕದ ಹೆಂಗಸು, ಹೀಗೆ ಎದುರಿನವರು ಒಬ್ಬರೂ ಬೇಸು ಮುಟ್ಟದೆ ಆಟ ನಡೆಯುತ್ತಿರುವಾಗ ಎಸೆಯುವವನ ಮುಂದೆ ಆ ಮಾತು ಎತ್ತಬಾರದು ಅಂತ ಪಿಸುಗುಟ್ಟಿದಳು. ದೃಷ್ಟಿ ತಾಗುವುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನ್ನ ನಿದ್ದೆ ಹಾರಿಹೋಯಿತು.

ಆದರೆ ನಮ್ಮವರೂ ಒಂದು ರನ್ನು ಮಾಡಲಿಲ್ಲ. ಸೊನ್ನೆಗೆ ಸೊನ್ನೆ ಅಂತಲೇ ಕೊನೆಯ ಸುತ್ತು ಬಂತು, ಎದುರಿನವರ ಸರದಿ. ಮೊದಲನೆಯವನು ಹೊಡೆದದ್ದು ಸುಲಭದ ಚೆಂಡು. ಅದನ್ನು ಹಿಡಿದ ನಮ್ಮವನು ಜೊತೆಗಾರನಿಗೆ ಎಸೆಯಲು ಹೋಗಿ ಅವನ ತಲೆಯ ಮೇಲಿಂದ ಆಚೆಗೆ ಎಸೆದ. ಹೊಡೆದವನು ಎರಡನೇ ಬೇಸು ಸೇರಿದ. ಮುಂದಿನವನು ಔಟಾದ, ಅಷ್ಟರಲ್ಲಿ ಮೊದಲನೆಯವನು ಮೂರನೇ ಬೇಸಿಗೆ ಬಂದು ನಿಂತ. ಇವರು ಕೈಯ ಮಣ್ಣು ಒರೆಸಿಕೊಂಡು ಮತ್ತೆ ಎಸೆದರು.

ಚೆಂಡು ನನ್ನ ತಮ್ಮನ ಮುಂದೆ ಬೀಳುವ ಹಾಗೆ ಎದ್ದಿತು. ಅವನು ಮುಂದಕ್ಕೆ ಓಡಿಬಂದು, ಬಗ್ಗಿ, ನೆಲ ಮುಟ್ಟಲು ಒಂದು ಗೇಣು ಇದ್ದಾಗ ಹಿಡಿದ. ಹಿಡಿದವನು ನಮ್ಮೂರಿನ ಎಲ್ಲರೂ ಮಾಡುವುದನ್ನೇ ಮಾಡಿದ. ಚೆಂಡನ್ನು ಆಕಾಶಕ್ಕೆ ಎಸೆದು ಕುಣಿದ. ಕ್ರಿಕೆಟ್ಟಿನಲ್ಲಿ ಕ್ಯಾಚು ಹಿಡಿದರೆ ಅಲ್ಲಿಗೆ ಚೆಂಡಿನ ಕಥೆ ಮುಗಿಯಿತು. ಈ ಆಟದಲ್ಲಿ ಮುಗಿಯುವುದಿಲ್ಲ, ಬೇಸಿನಲ್ಲಿ ನಿಂತವನು ಆಗ ಓಡಬಹುದು. ಮೂರರಲ್ಲಿದ್ದವನು ಓಡಿದ. ನನ್ನ ತಮ್ಮ ನಿಂತಲ್ಲಿಂದಲೇ ಚೆಂಡನ್ನು ಬ್ಯಾಟು ಬೀಸುವ ಜಾಗಕ್ಕೆ ಎಸೆದಿದ್ದರೆ ಅವನು ಔಟಾಗುತ್ತಿದ್ದ. ಎಲ್ಲರೂ ಓಡುವವನನ್ನು ನೋಡುತ್ತಿದ್ದರು. ನಾನು ಇವರನ್ನು ನೋಡುತ್ತಿದ್ದೆ.

ಒಂದಕ್ಕೆ ಸೊನ್ನೆ, ಅಲ್ಲಿಗೆ ಆಟ ಮುಗಿಯಿತು, ನಾವು ಸೋತೆವು. ಎದುರಿನವರು ಒಬ್ಬೊಬ್ಬರಾಗಿ ಬಂದು ಇವರ ಕೈ ಕುಲುಕಿ ಹೋದರು.

ಇವರ ಭುಜ ನೋಯುತ್ತಿತ್ತು, ಫ್ರೀವೇಯಲ್ಲಿ ನಾನೇ ಓಡಿಸಿದೆ. ನನ್ನ ತಮ್ಮ ಹಿಂದಿನ ಸೀಟಿನಲ್ಲಿ ಮುದುಡಿ ಕೂತು, "ನನ್ನಿಂದ ಹೀಗಾಯ್ತು, ಭಾವ," ಅಂದ.

ಇವರು ಭುಜ ಒತ್ತಿಕೊಳ್ಳುತ್ತಾ ಹಿಂದಕ್ಕೆ ತಿರುಗಿದರು. "ನಿಂಗೆ ರೂಲ್ ಗೊತ್ತಿರ್ಲಿಲ್ಲ ಕಣೋ. ನಂಗೆ ಗೊತ್ತಿತ್ತು. ಎಸಿ ಅಂತ ನಾನು ಕೂಗ್ಬೇಕಿತ್ತು. ನಾನೂ ಕೈ ಎತ್ಕೊಂಡು ನಿಂತ್ಬಿಟ್ಟೆ."

ನೋಡಿದೆ, ಅಂದೆ. ಮಿಕ್ಕದ್ದನ್ನು ಹೇಳಲಿಲ್ಲ. ಇವರು ಎರಡೂ ಕೈ ಮೇಲೆತ್ತಿ, ನನ್ನ ಕಡೆಗೆ ತಿರುಗಿ, ಬಾಯ್ತುಂಬ ನಗುತ್ತಾ ನಿಂತಿದ್ದರು. ಮದುವೆಯಾದಾಗಿನಿಂದ ನಾನು ಆ ಮುಖ ಕಂಡಿರಲಿಲ್ಲ. ಬೆನ್ನ ಹಿಂದೆ ಮೂರರಲ್ಲಿದ್ದವನು ಓಡುತ್ತಿದ್ದುದು ಇವರಿಗೆ ಗೊತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಆಟದ ಆ ನಿಯಮ ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ನಾನು ಕೂಗುತ್ತಿರಲಿಲ್ಲ.