ಪೂರ್ವಪಕ್ಷಕ್ಕೇ ಮುಗಿದ ಶುಕ್ರವಾರ

ಆ ಶುಕ್ರವಾರ ಬೆಳಗ್ಗೆ ನಲ್ಲಿ ನೀರು ಹಿಡಿದೆ, ರೊಟ್ಟಿ ಬಡಿದೆ, ಮಗಳ ಅಂಗಿಗೆ ಗುಂಡಿ ಹಚ್ಚಿದೆ, ಹಾಲಿಗೆ ಹೆಪ್ಪು ಹಾಕಿದೆ, ವಿಭಾಗಕ್ಕೆ ಹೋಗಿ ಸೆಮಿನಾರ್ ಕೋಣೆಯ ಕುರ್ಚಿಗಳ ಧೂಳು ಒರೆಸಿದೆ. ಕೋವಿಡ್ ಕಳೆದು ತರಗತಿಗಳು ಮತ್ತೆ ತುಂಬಿಕೊಳ್ಳುತ್ತಿದ್ದ ವರ್ಷ. ಬಳ್ಳಾರಿಯ ವಿಶ್ವವಿದ್ಯಾಲಯವೊಂದರ ತತ್ವಶಾಸ್ತ್ರ ವಿಭಾಗದಲ್ಲಿ ನಾನು ಅತಿಥಿ ಉಪನ್ಯಾಸಕಿ.

ಶುಕ್ರವಾರ ನಮ್ಮಲ್ಲಿ ವಿದ್ಯಾರ್ಥಿಗಳ ವಾದಗೋಷ್ಠಿ. ಅದಕ್ಕೊಂದು ಕಟ್ಟುಪಾಡು: ಮೊದಲು ಎದುರಾಳಿಯ ಮಾತನ್ನು, ಅವನೇ ತಲೆದೂಗುವ ಹಾಗೆ ಹೇಳಬೇಕು. ಅದು ಪೂರ್ವಪಕ್ಷ. ಆಮೇಲೆ ಅದನ್ನು ಖಂಡಿಸಿ ತನ್ನ ನಿಲುವು, ಅಂದರೆ ಸಿದ್ಧಾಂತ. ಪೂರ್ವಪಕ್ಷ ಜೊಳ್ಳಾದರೆ ನಾನು ಮುಂದಕ್ಕೆ ಬಿಡುತ್ತಿರಲಿಲ್ಲ. ಇದರಲ್ಲಿ ಸುಮಂಗಲಾಳನ್ನು ಮೀರಿಸುವವರಿರಲಿಲ್ಲ. "ಏ ಸುಮಿ, ನನ್ನ ವಾದಾನೂ ನೀನ ಹೇಳಿಬಿಡವಾ, ನನಗಿಂತ ಚಲೋ ಹೇಳ್ತಿ" ಎಂದು ಸಹಪಾಠಿ ಬಸವರಾಜ ಕಾಡುತ್ತಿದ್ದ.

ಅವಳ ಎಂ.ಎ.ಗೆ ಇನ್ನೊಂದು ವರ್ಷವಿತ್ತು. ಅಪ್ಪ ಪಂಪನಗೌಡರು ಸಿರುಗುಪ್ಪದ ಅಕ್ಕಿ ವ್ಯಾಪಾರಿ. ಕುರುಗೋಡಿನಲ್ಲಿ ಗಂಡು ನೋಡಿ, ಓದು ಬಿಡಿಸಲು ಹೊರಟಿದ್ದರು. ಮಗಳು ಹಟ ಹಿಡಿದಾಗ, "ನಿಮ್ಮ ಮೇಡಂ ಮುಂದ ನಿನ್ನ ಮಾತು ಕೇಳ್ತೀನಿ, ಆಮ್ಯಾಲ ನೋಡೂಣು" ಎಂದಿದ್ದರು. ಅಂದು ಬಂದರು. ನನಗೆಂದು ತಂದ ಸೋನಾ ಮಸೂರಿ ಚೀಲವನ್ನು ಮೂಲೆಗಿಟ್ಟು ಕುಳಿತರು.

ಸುಮಂಗಲಾ ಎದ್ದು, ಕಲಿತದ್ದನ್ನೇ ಮಾಡಿದಳು.

"ಅಪ್ಪ ಹೇಳೋದ್ರಾಗ ನ್ಯಾಯ ಐತಿ. ಈ ಓದಿಗೆ ನೌಕರಿ ಸಿಗೋದು ಕಷ್ಟ. ದಿನಾ ಬಸ್ಸಿನ್ಯಾಗ ಜೋತಾಡಿ ಬರಬೇಕು, ಅವ್ವ ದಾರಿ ಕಾಯ್ಬೇಕು. ಕುರುಗೋಡಿನವರು ಒಳ್ಳೇ ಮಂದಿ. ಇಂಥ ಮನಿ ಮತ್ತ ಸಿಗೂದಿಲ್ಲ."

ಗೌಡರು ತಲೆದೂಗಿದರು. ಕಣ್ಣೊರೆಸಿಕೊಂಡು ಎದ್ದೇಬಿಟ್ಟರು.

"ಸಾಕವ್ವಾ. ನನ್ನ ಮನಸಿನ್ಯಾಗಿಂದೆಲ್ಲಾ ನೀನ ಹೇಳಿದಿ. ನಡಿ."

"ಅಪ್ಪಾ, ಇನ್ನೂ ಅರ್ಧ ಐತಿ! ಇದು ನಿನ್ನ ಮಾತು. ನಂದು ಇನ್ನಾ ಬಂದಿಲ್ಲ."

"ಗೌಡ್ರೇ, ಕುಂದರ್ರಿ. ಮೊದಲು ಎದುರಿನವರ ಮಾತು ಹೇಳೋದು ನಮ್ಮ ಪದ್ಧತಿ ಐತ್ರಿ" ಅಂದೆ.

"ಹಂಗಾರ ಆಕಿ ಸುಳ್ಳು ಹೇಳಿದ್ಲೇನ್ರಿ?"

"ಸುಳ್ಳಲ್ರಿ..."

"ಖರೇ ಅಂದ್ಮ್ಯಾಲ ಇನ್ನೇನು ಉಳೀತ್ರಿ ಮೇಡಂ?" ನಗುತ್ತಲೇ ಕೈಮುಗಿದರು.

ಬಾಗಿಲಲ್ಲಿ ಸುಮಂಗಲಾ ನನ್ನತ್ತ ತಿರುಗಿದಳು. "ಮೇಡಂ, ನಂದೂ ಚಲೋ ಇತ್ರಿ" ಅಂದಳು.

ಸೆಮಿಸ್ಟರ್ ಮುಗಿಯುವ ಮುನ್ನ ಮದುವೆಯಾಯಿತು. ಅವಳ ಸಿದ್ಧಾಂತ ಏನಿತ್ತೆಂದು ನಮ್ಮ ವಿಭಾಗದಲ್ಲಿ ಯಾರಿಗೂ ಗೊತ್ತಿಲ್ಲ. ಪೂರ್ವಪಕ್ಷವನ್ನು ಈಗಲೂ ಕಲಿಸುತ್ತೇನೆ, ಸಿಲೆಬಸ್ಸಿನಲ್ಲಿದೆ. ಆದರೆ ಎದುರಿನವರ ಮಾತಿಗೆ ಮೊದಲ ಜಾಗ ಕೊಡುವ ಆ ಮರ್ಯಾದೆ ಕೊನೆಯವರೆಗೆ ಕೂತು ಕೇಳುವವರಿಗೆ ಮಾತ್ರ ಸಲ್ಲುವಂಥದ್ದು. ಮನೆಯವರ ಮುಂದೆ ನಿಮ್ಮ ಮಾತನ್ನೇ ಮೊದಲು ಹೇಳಿ ಎಂದು ಹುಡುಗಿಯರಿಗೆ ಬೇರೆಯಾಗಿ ಹೇಳುತ್ತೇನೆ. ಅದು ಸಿಲೆಬಸ್ಸಿನಲ್ಲಿಲ್ಲ.

ಆ ಶುಕ್ರವಾರ ಗೌಡರ ಅಕ್ಕಿ ಚೀಲ ಮೂಲೆಯಲ್ಲೇ ಉಳಿದಿತ್ತು. ಸ್ಕೂಟಿಯ ಮೇಲಿಟ್ಟು ಮನೆಗೆ ತಂದೆ. ರಾತ್ರಿ ಊಟಕ್ಕೆ ಅದರದ್ದೇ ಅನ್ನ, ಬೇಳೆಸಾರು. "ಅಕ್ಕಿ ಭಾಳ ಚಲೋ ಐತಿ, ಎಲ್ಲೀದು?" ಎಂದು ನಮ್ಮ ಯಜಮಾನರು ಮತ್ತೊಮ್ಮೆ ಬಡಿಸಿಕೊಂಡರು.

"ಸಿರುಗುಪ್ಪದ್ದು" ಅಂದೆ. ಇನ್ನೂ ಹೇಳುವುದಿತ್ತು. ಪಾತ್ರೆ ತೊಳೆದು ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.