ಆಫ್ ಮಾಡಿದ್ದ ಟ್ರಾನ್ಸ್‌ಪಾಂಡರ್

ನಾನು ಹಾರಿಸುತ್ತಿದ್ದ ಗ್ಲೈಡರಿಗೆ ಇಂಜಿನ್ ಇರಲಿಲ್ಲ. ಇದ್ದದ್ದು ಒಂದು ಸಣ್ಣ ಬ್ಯಾಟರಿ. ಅದರಲ್ಲೇ ರೇಡಿಯೊ ನಡೆಯಬೇಕು, ನಾನು ಇಲ್ಲಿದ್ದೇನೆ ಎಂದು ಸುತ್ತಲಿನ ವಿಮಾನಗಳಿಗೆ ತಿಳಿಸುವ ಟ್ರಾನ್ಸ್‌ಪಾಂಡರೂ ನಡೆಯಬೇಕು. ಎರಡು ಗಂಟೆ ಕಳೆದರೆ ರೇಡಿಯೊ ಗೊರಗೊರ ಎನ್ನುತ್ತಿತ್ತು. ಅದಕ್ಕೇ ಟ್ರಾನ್ಸ್‌ಪಾಂಡರ್ ಆಫ್ ಮಾಡಿಬಿಡುತ್ತಿದ್ದೆ. ಈ ಆಕಾಶಕ್ಕೆ ಹದ್ದು ಬಿಟ್ಟರೆ ಇನ್ಯಾರು ಬರುತ್ತಾರೆ ಎಂಬ ದಿಮಾಕು.

ಆ ಮಧ್ಯಾಹ್ನ ಪಿರಿಯಾಪಟ್ಟಣದ ಮೇಲೆ, ಉತ್ತ ಹೊಲಗಳಿಂದ ಏಳುವ ಬಿಸಿಗಾಳಿಯಲ್ಲಿ ಸುತ್ತುತ್ತಾ ಮೇಲೇರುತ್ತಿದ್ದೆ. ತರಬೇತಿ ವಿಮಾನವೊಂದು ನನ್ನ ತಲೆಯ ಮೇಲೇ ಹಾದುಹೋಯಿತು. ಅದರ ಚಕ್ರಕ್ಕೆ ಮೆತ್ತಿದ್ದ ಕೆಮ್ಮಣ್ಣು ಕಾಣಿಸಿತು.

ಅದನ್ನು ಹಾರಿಸುತ್ತಿದ್ದವನು ಕೆ.ಆರ್. ನಗರದ ನನ್ನ ಗೆಳೆಯ. ಇಳಿದ ಮೇಲೆ ಓಡಿ ಬಂದ.

"ತಪ್ಪು ನಂದೇ ಕಣ್ಲಾ. ಸ್ಕ್ರೀನ್ ಮೇಲೆ ಏನೂ ಕಾಣ್ಲಿಲ್ಲ. ಆದ್ರೂ ನಾನು ಕಣ್ಬುಟ್ಟು ನೋಡ್ಬೇಕಿತ್ತು."

ಟ್ರಾನ್ಸ್‌ಪಾಂಡರ್ ಆಫ್ ಮಾಡಿದ್ದ ನಾನು ಅವನ ಸ್ಕ್ರೀನಿನಲ್ಲಿ ಕಾಣುವುದಾದರೂ ಹೇಗೆ? ಅದನ್ನು ಹೇಳಬೇಕಿತ್ತು. ಲೈಸೆನ್ಸ್ ಹೋದೀತೆಂದು ಹೆದರಿದೆ. ಅವನ ಹೆಗಲು ತಟ್ಟಿ, "ಓಗ್ಲಿ ಬುಡ್ಲಾ" ಎಂದೆ.

ತನ್ನ ಕಣ್ಣನ್ನು ತಾನೇ ನಂಬಲಾರದೆ ಅವನು ಹಾರುವುದನ್ನೇ ಬಿಟ್ಟ. ಈಗ ಸರಗೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಈ ಸಲ ಹೇಳಿಯೇ ಬಿಡಬೇಕೆಂದು ಹೋದ ವಾರ ಅಲ್ಲಿಗೆ ಹೋದೆ. ಟೀ ತರಿಸಿದ. ಅಂಗಡಿಯಲ್ಲಿದ್ದ ರೈತರಿಗೆ ನನ್ನನ್ನು ತೋರಿಸಿ ಹೇಳಿದ: "ಅವತ್ತು ನನ್ನಿಂದ ಇವ್ನ ಪ್ರಾಣಾನೇ ಓಗೋದ್ರಲ್ಲಿತ್ತು. ಒಂದ್ ಮಾತೂ ಬೈಲಿಲ್ಲ ಕಣ್ರೀ, ದೇವ್ರಂಥವ್ನು."

ನಾನು ಟೀ ಮುಗಿಸಿ ಎದ್ದು ಬಂದೆ.